ಚಿಲಕ ಹಾಕಿದ ಕೋಣೆ, ಹಸಿರು ಔಷಧಿ

‘ಟ್ರೈನ್‌ಸ್ಪಾಟಿಂಗ್’ ಮೊದಲ ಸಲ ನೋಡಿದ್ದು ಹಾಸ್ಟೆಲ್ಲಿನಲ್ಲಿ, ಯಾರದೋ ಪೆನ್‌ಡ್ರೈವಿನಿಂದ. ಆ ಸ್ಕಾಟಿಷ್ ಇಂಗ್ಲಿಷು ಅರ್ಧಕ್ಕರ್ಧ ತಲೆ ಮೇಲೆ ಹೋಗಿತ್ತು. ಕಳೆದ ವಾರ ಸಬ್‌ಟೈಟಲ್ ಹಾಕಿಕೊಂಡು ಮತ್ತೆ ನೋಡಿದೆ. ಈಗಲೂ ಚೆಂದದ ಸಿನಿಮಾವೇ. ಆದರೆ ಈ ಸಲ ಒಂದು ತಕರಾರು ಹುಟ್ಟಿಕೊಂಡಿದೆ.

ನೋಡದವರಿಗೆ ಚುಟುಕಾಗಿ ಹೇಳ್ತೀನಿ. ಎಡಿನ್‌ಬರೋದ ರೆಂಟನ್‌ಗೆ ಹೆರಾಯಿನ್ ಚಟ. ಅಂಗಡಿಯಲ್ಲಿ ಕದ್ದು ಸಿಕ್ಕಿಬೀಳ್ತಾನೆ. ಗೆಳೆಯ ಸ್ಪಡ್ ಜೈಲಿಗೆ ಹೋಗ್ತಾನೆ, ಇವನು ಚಿಕಿತ್ಸೆಗೆ ಸೇರಿದ ಅನ್ನೋ ಕಾರಣಕ್ಕೆ ಬಚಾವಾಗ್ತಾನೆ. ಆ ಚಿಕಿತ್ಸೆಯೇ ಮೆಥಡೋನ್. ಸಿನಿಮಾದಲ್ಲಿ ಅದರ ಪಾಲಿಗೆ ಬರೋದು ಒಂದೆರಡು ಕುಹಕದ ಮಾತಷ್ಟೇ. ಅದು ಸಾಲದು ಅಂತ ರೆಂಟನ್ ಡೀಲರ್ ಮನೆಗೆ ಓಡ್ತಾನೆ, ಓವರ್‌ಡೋಸ್ ಆಗುತ್ತೆ. ಆಮೇಲೆ ಅಪ್ಪ ಅಮ್ಮ ಅವನನ್ನು ರೂಮಿನಲ್ಲಿ ಕೂಡಿಹಾಕಿ ಚಿಲಕ ಜಡೀತಾರೆ. ನಿರ್ದೇಶಕ ಡ್ಯಾನಿ ಬಾಯ್ಲ್ ತಮ್ಮ ಜಾದೂವನ್ನೆಲ್ಲ ಸುರಿಯೋದು ಅಲ್ಲೇ. ಸತ್ತ ಮಗು ಸೀಲಿಂಗಿನ ಮೇಲೆ ತೆವಳಿಕೊಂಡು ಬರೋದನ್ನ ಯಾರು ಮರೀತಾರೆ ಹೇಳಿ?

ನನ್ನ ತಕರಾರೂ ಅಲ್ಲೇ ಇರೋದು. ‘ನಾಲ್ಕು ದಿನ ಕೂಡಿಹಾಕಿ, ಸರಿಹೋಗ್ತಾನೆ’ ಅನ್ನೋ ಮಾತನ್ನ ಕುಡುಕರ ವಿಷಯದಲ್ಲಿ ನಮ್ಮ ಮನೆಗಳಲ್ಲೂ ಕೇಳಿದ್ದೀವಿ. ಸಿನಿಮಾ ಈ ಮಾತಿಗೆ ಮರೆಯಲಾಗದ ಚಿತ್ರ ಕೊಟ್ಟುಬಿಟ್ಟಿದೆ. ಮೆಥಡೋನಿಗೆ ಅಂಥ ಒಂದು ಶಾಟೂ ಇಲ್ಲ. ಇರೋಕೆ ಕಷ್ಟ, ಒಪ್ತೀನಿ. ಹೆರಾಯಿನ್ ದಿನಕ್ಕೆ ಮೂರು ನಾಲ್ಕು ಸಲ ಬೇಕಾಗುತ್ತೆ, ಏರಿಸುತ್ತೆ, ಬೀಳಿಸುತ್ತೆ. ಮೆಥಡೋನ್ ಕೂಡ ಅದೇ ಜಾತಿಯ ಔಷಧಿ, ಆದರೆ ನಿಧಾನದ್ದು. ದಿನಕ್ಕೊಮ್ಮೆ ಕುಡಿದರೆ ಸಾಕು. ಸರಿಯಾದ ಡೋಸ್ ಸಿಕ್ಕರೆ ಅಮಲೂ ಇಲ್ಲ, ಮೈ ನಡುಕವೂ ಇಲ್ಲ. ಮನುಷ್ಯ ಎದ್ದು ಕೆಲಸಕ್ಕೆ ಹೋಗ್ತಾನೆ. ಇದನ್ನ ಹೇಗೆ ಶೂಟ್ ಮಾಡ್ತೀರಿ?

ಆದರೆ ಎಡಿನ್‌ಬರೋದ ಅಸಲಿ ಕತೆ ಈ ಬೋರಿಂಗ್ ಭಾಗದಲ್ಲೇ ಇತ್ತು. ಕಾದಂಬರಿಕಾರ ಅರ್ವಿನ್ ವೆಲ್ಷ್ ಬೆಳೆದ ಮ್ಯೂರ್‌ಹೌಸ್ ಬಡಾವಣೆಯಲ್ಲೇ ಡಾಕ್ಟರ್ ರಾಯ್ ರಾಬರ್ಟ್‌ಸನ್ ಕ್ಲಿನಿಕ್ ನಡೆಸ್ತಿದ್ದರು. 1986ರಲ್ಲಿ ಅವರ ತಂಡ ಪ್ರಕಟಿಸಿದ ವರದಿ ನೋಡಿ: ಪರೀಕ್ಷೆಗೆ ಒಳಗಾದ 164 ಹೆರಾಯಿನ್ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎಚ್‌ಐವಿ. ಔಷಧಿ ಅಂಗಡಿಯಲ್ಲಿ ಸಿರಿಂಜ್ ಸಿಗೋದು ಕಷ್ಟವಾಗಿತ್ತು, ಸಿಕ್ಕಿದ್ದನ್ನ ಪೊಲೀಸರು ಕಿತ್ತುಕೊಳ್ತಿದ್ದರು. ಒಂದೇ ಸೂಜಿ ಹತ್ತು ಕೈ ದಾಟುತ್ತಿತ್ತು. ಊರು ಬುದ್ಧಿ ಕಲಿತದ್ದು ಆಮೇಲೆ. ಹೊಸ ಸೂಜಿ ಕೊಡೋಕೆ ಶುರು ಮಾಡಿದರು; 1988ರಿಂದ ಮನೋವೈದ್ಯೆ ಜೂಡಿ ಗ್ರೀನ್‌ವುಡ್ ಕಟ್ಟಿದ ಸೇವೆ, ಬಡಾವಣೆಯ ಡಾಕ್ಟರುಗಳನ್ನು ಜೊತೆಗಿಟ್ಟುಕೊಂಡು, ಕುಡಿಯುವ ಮೆಥಡೋನ್ ಬರೆದುಕೊಡೋಕೆ ಹೊರಟಿತು. ಸೂಜಿಯ ಬದಲು ಲೋಟ. ಸಿನಿಮಾದಲ್ಲಿ ಟಾಮಿಗೆ ಎಚ್‌ಐವಿ ಬರುತ್ತೆ, ಟಾಮಿ ಸಾಯ್ತಾನೆ. ಆ ಸೋಂಕು ಹಬ್ಬೋದನ್ನ ತಡೆಯೋಕೆ ಹೆಣಗಿದವರ ಸುಳಿವೇ ಇಲ್ಲ.

ರೆಂಟನ್ನನ ಕುಹಕದಲ್ಲಿ ಹುರುಳೇ ಇಲ್ಲ ಅಂತಲ್ಲ. ಫಾರ್ಮಸಿಯ ಕೌಂಟರಿನಲ್ಲಿ, ಶ್ಯಾಂಪೂ ಕೊಳ್ಳೋಕೆ ಬಂದವರ ಮಧ್ಯೆ ನಿಂತು, ಫಾರ್ಮಸಿಸ್ಟ್ ನೋಡ್ತಿರುವಾಗ ಆ ಹಸಿರು ದ್ರಾವಣ ಕುಡಿಯೋದು ಮುಜುಗರದ ಕೆಲಸವೇ. ಅಮೆರಿಕದಲ್ಲಿ ಇನ್ನೂ ಕಟ್ಟುನಿಟ್ಟು. 1965ರಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನಿಸ್ವಾಂಡರ್ ಈ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದ ದೇಶ ಅದು. ಆದರೂ ಚಟದ ಚಿಕಿತ್ಸೆಗೆ ಮೆಥಡೋನ್ ಬೇಕಿದ್ದರೆ ಮಾಮೂಲಿ ಫಾರ್ಮಸಿ ನಡೆಯಲ್ಲ, ಲೈಸೆನ್ಸ್ ಇರೋ ಕ್ಲಿನಿಕ್ಕಿಗೇ ಹೋಗಬೇಕು. ಹೊಸಬರು ಹೆಚ್ಚುಕಡಿಮೆ ದಿನಾ. ಒಂಬತ್ತಕ್ಕೆ ಶಿಫ್ಟ್ ಇರುವವನು ಏಳಕ್ಕೆ ಕ್ಯೂ ನಿಂತು, ಎರಡು ಬಸ್ ಬದಲಿಸಿ, ಮ್ಯಾನೇಜರಿಗೆ ದಿನಾ ಹೊಸ ಸಬೂಬು ಹೇಳೋದನ್ನ ಊಹಿಸಿಕೊಳ್ಳಿ. ಕೋವಿಡ್ ಬಂದು 2020ರ ಮಾರ್ಚಿನಲ್ಲಿ ಸ್ಥಿರವಾಗಿರುವ ರೋಗಿಗಳು 28 ದಿನದವರೆಗಿನ ಡೋಸ್ ಮನೆಗೆ ಒಯ್ಯಬಹುದು ಅಂದರು. 2024ರಲ್ಲಿ ಆ ಸಡಿಲಿಕೆ ಖಾಯಂ ನಿಯಮದೊಳಗೆ ಸೇರಿತು.

ಹಾಗಂತ ನಿಯಮವೇ ಬೇಡ ಅನ್ನೋರ ಜೊತೆ ನಾನಿಲ್ಲ. ಮೆಥಡೋನ್ ಮೈಯಿಂದ ನಿಧಾನಕ್ಕೆ ಇಳಿಯುತ್ತೆ, ಮೊದಲ ವಾರಗಳಲ್ಲಿ ಲೆಕ್ಕ ತಪ್ಪಿದರೆ ಉಸಿರೇ ನಿಲ್ಲಬಹುದು. ಫ್ರಿಜ್ಜಿನಲ್ಲಿಟ್ಟ ಬಾಟಲಿಯನ್ನ ಜ್ಯೂಸ್ ಅಂದುಕೊಂಡು ಮಗು ಕುಡಿದರೂ ಅಷ್ಟೇ. ಬೀಗ ಬೇಕು. ಆದರೆ ಬೀಗ ಬೇಕಾದದ್ದು ಬಾಟಲಿಗೆ ಅಲ್ವಾ?

ಒಂದು ವಿಷಯಕ್ಕೆ ಸಿನಿಮಾಗೆ ಪೂರ್ತಿ ಮಾರ್ಕ್ಸ್. ರೆಂಟನ್ನನ ಅಮ್ಮನೂ ವ್ಯಾಲಿಯಂ ಗುಳಿಗೆ ಬಿಟ್ಟಿರಲಾರಳು, ಅವಳನ್ನ ಮಾತ್ರ ಯಾರೂ ಕೂಡಿಹಾಕಲ್ಲ. ಈ ಬೂಟಾಟಿಕೆಯನ್ನ ಇಷ್ಟು ಚೆನ್ನಾಗಿ ಹಿಡಿದವರು ಕೊನೆಗೆ ಹೋಗಿ ಎಡವಿದ್ದು ಹೇಗೆ ಅನ್ನೋದೇ ನನಗೆ ಅರ್ಥವಾಗಲಿಲ್ಲ. ಕ್ಲೈಮ್ಯಾಕ್ಸಿಗೆ ಮುಂಚೆ, ಮಾರೋಕೆ ತಂದ ಹೆರಾಯಿನ್ ಎಷ್ಟು ಶುದ್ಧ ಅಂತ ಪರೀಕ್ಷೆ ಮಾಡೋಕೆ, ಬಿಟ್ಟು ಎಷ್ಟೋ ಕಾಲವಾದ ರೆಂಟನ್ನೇ ಸೂಜಿ ಚುಚ್ಚಿಕೊಳ್ತಾನೆ. ಹಾಯಾಗಿ ನಕ್ಕು, ಲಂಡನ್ ಬಸ್ ಹತ್ತಿ ಹೋಗ್ತಾನೆ. ನಿಜದಲ್ಲಿ ಬಿಟ್ಟು ಕೂತ ಮೈಗೆ ಹಳೇ ಡೋಸ್ ತಡೆಯೋ ಶಕ್ತಿಯೇ ಇರಲ್ಲ. ಕೋಣೆಯಿಂದ, ಜೈಲಿನಿಂದ, ಕ್ಯಾಂಪಿನಿಂದ ‘ಕ್ಲೀನ್’ ಆಗಿ ಹೊರಬಂದವರು ಓವರ್‌ಡೋಸಿನಿಂದ ಸಾಯುವ ಅಪಾಯ ಅತಿ ಹೆಚ್ಚಿರೋದು ಆ ಮೊದಲ ಕೆಲವು ವಾರಗಳಲ್ಲೇ. ಹಾಸ್ಟೆಲ್ಲಿನಲ್ಲಿ ಆ ಸೀನಿಗೆ ನಾವೆಲ್ಲ ಶಿಳ್ಳೆ ಹಾಕಿದ್ದೆವು.