ಉಡುವುದು, ತೊಡುವುದು, ಮೆಟ್ಟುವುದು

ಜಪಾನಿನ ಸುಜುಕಿಯೊಡನೆ ಕೈಜೋಡಿಸಿದ ಮಾರುತಿಯ ಮೊದಲ ಕಾರು ಗುರುಗ್ರಾಮದ ಕಾರ್ಖಾನೆಯಿಂದ ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ಆಮೇಲೆ ದೆಹಲಿ ಸೀಮೆಯಲ್ಲಿ ಜಪಾನಿ ಭಾಷೆ ಹೊಟ್ಟೆಪಾಡಿನ ಭಾಷೆಯೂ ಆಯಿತು. ಮಾನೇಸರ, ನೀಮ್ರಾಣಾಗಳ ಜಪಾನಿ ಕಾರ್ಖಾನೆಗಳಲ್ಲಿ ದುಭಾಷಿಗಳಿಗೆ ಕೆಲಸವುಂಟು. ಲಜಪತ್ ನಗರದ ಜಪಾನ್ ಫೌಂಡೇಶನ್ನಿನಲ್ಲೋ ಜೆಎನ್‌ಯುನಲ್ಲೋ ಕಲಿತು ಬಂದವರಿಗೆ ಪಾರಿಭಾಷಿಕ ಪದಗಳ ಪಟ್ಟಿ ಹೇಗೋ ಸಿಗುತ್ತದೆ. ಪೀಡಿಸುವುದು 'ವೇರ್'ನಂಥ ಚಿಲ್ಲರೆ ಇಂಗ್ಲಿಷ್ ಪದ.

'ಟೂಲ್ ವೇರ್' ಅಂದರೆ ಸವೆತ, ಜಪಾನಿಯಲ್ಲಿ 'ಮಮೋ'. ಅಷ್ಟು ಸುಲಭ. ಮೈಮೇಲಿನ 'ವೇರ್'ಗೆ ಬಂದರೆ ಪದ ಒಡೆದು ಚೂರಾಗುತ್ತದೆ: ಅಂಗಿಗೆ 'ಕಿರು', ಹೆಲ್ಮೆಟ್ಟಿಗೆ 'ಕಬುರು', ಕನ್ನಡಕಕ್ಕೆ 'ಕಕೆರು', ಕೈಗವಸಿಗೆ 'ಹಮೆರು', ಪ್ಯಾಂಟು ಬೂಟುಗಳಿಗೆ 'ಹಕು'. ಎಲ್ಲಕ್ಕೂ 'ಕಿರು' ಅಂದುಬಿಟ್ಟರೆ ಬೂಟನ್ನು ಮೈಗೆ ತೊಡಿಸಿದ ಹಾಗೆ.

ಹಿಂದಿಯ 'ಪಹನ್‌ನಾ' ಅಂಗಿಗೂ ಆಗುತ್ತದೆ, ಚಪ್ಪಲಿಗೂ ಆಗುತ್ತದೆ. ಅಲ್ಲಿಂದ ಹೊರಟವರು ತಡವರಿಸಲಿ. ನಮಗೇನಾಗಿದೆ? ನಾವು ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಜೋಡು ಮೆಟ್ಟುತ್ತೇವೆ. ಇಷ್ಟೆಲ್ಲ ಮನೆಯಲ್ಲೇ ಇಟ್ಟುಕೊಂಡು ದೆಹಲಿಯ ಕನ್ನಡದ ಹುಡುಗರು ಇಂಗ್ಲಿಷ್ ನಿಘಂಟಿನ ಸುತ್ತುದಾರಿ ಹಿಡಿಯುತ್ತಾರಲ್ಲ, ಅದೇ ನನ್ನ ತಕರಾರು.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಇಂಗ್ಲಿಷಿನ 'ಈಸ್ ವೇರಿಂಗ್' ನೋಡಿ 'ಉಡುತ್ತಿದ್ದಾರೆ' ಅಂದರೆ ಕನ್ನಡದಲ್ಲಿ ನೆರಿಗೆ ಹಿಡಿಯುವುದು ಇನ್ನೂ ನಡೆದಿದೆ ಎಂದಾಯಿತು. ಉಟ್ಟು ಮುಗಿದಿದ್ದರೆ 'ಉಟ್ಟಿದ್ದಾರೆ', ಅಂದರೆ ಉಟ್ಟು ಇದ್ದಾರೆ. ಜಪಾನಿಯ 'ಕಿತೆ ಇರು' ಕೂಡ ಇದೇ ಜೋಡಣೆ: 'ಕಿತೆ' ಎಂದರೆ ಉಟ್ಟು, 'ಇರು' ಎಂದರೆ ಇರು! ದನಿ ಹೊಂದಿದ್ದು ಬರೀ ಕಾಕತಾಳೀಯ ಬಿಡಿ. ಜಪಾನಿನ ಭಾಷಾವಿಜ್ಞಾನಿ ಸುಸುಮು ಓನೊ ಜಪಾನಿಗೂ ತಮಿಳಿಗೂ ನಂಟು ಕಟ್ಟಲು ಹೊರಟಾಗ ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಕ್ರಿಯಾಪದ ಕೊನೆಗೆ ಬರುವುದು, ಹೀಗೆ ಒಂದಕ್ಕೊಂದು ಅಂಟುವುದು, ಇವೆಲ್ಲ ಕನ್ನಡದ ಕಿವಿಗೆ ಪರಿಚಿತವೇ.

ಕಾರ್ಖಾನೆಯ ಗೋಡೆಗೆ ಜಪಾನಿ ಫಲಕ ಬರೆಯುವವರು ಜಾಣರು. ಚೀನೀ ಬೇರಿನ 'ಚಕುಯೋ' ಒಂದನ್ನೇ ಎಲ್ಲದಕ್ಕೂ ಬರೆದು ಕೈತೊಳೆದುಕೊಳ್ಳುತ್ತಾರೆ, ನಮ್ಮ ಸಂಚಾರ ಪೊಲೀಸರು ಸಂಸ್ಕೃತದ 'ಧರಿಸಿ' ಎಂದು ಬರೆಸುವಂತೆ. ಗೋಡೆಗೆ ಅದು ಸರಿ; ಪಕ್ಕದಲ್ಲಿ ನಿಂತವನಿಗೆ ಹಾಗೆ ಹೇಳಿದರೆ ಸುತ್ತೋಲೆ ಓದಿದಂತಾಗುತ್ತದೆ.

'ಹಕು' ವಿಷಯದಲ್ಲಿ ಮಾತ್ರ ಕನ್ನಡಿಗ ಹುಷಾರಾಗಿರಬೇಕು. ನಮ್ಮ 'ಹಾಕು' ಅಂಗಿ, ಟೋಪಿ, ಬೂಟು ಎಲ್ಲಕ್ಕೂ ನಡೆದೀತು. ಅವರ 'ಹಕು' ಸೊಂಟದಿಂದ ಕೆಳಗಿನದಕ್ಕೆ. ಹೊಕ್ಕೈದೋ ಕಡೆ ಕೈಗವಸಿಗೂ 'ಹಕು' ಎನ್ನುವುದುಂಟು. ಮಾನೇಸರಕ್ಕೆ ಬರುವ ಎಂಜಿನಿಯರ್ ಆ ಕಡೆಯವನಾದರೆ ನಿಮ್ಮ ಪುಣ್ಯ.