ರಣಹದ್ದು ಯಾರು?

ಅಮೆರಿಕದ ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ 'ದಿ ಟೆಲ್-ಟೇಲ್ ಹಾರ್ಟ್' ಎಂಬ ದಿಗಿಲಿನ ಕತೆಯನ್ನು ನಾವು ಓದಿದ್ದು ಬಿ.ಎ. ಕ್ಲಾಸಿನಲ್ಲಿ. 'ಇಲ್ಲಿ ಉಪಮಾಲಂಕಾರ, ಗುರುತು ಹಾಕ್ಕೊಳ್ಳಿ' ಅಂದು ಮೇಷ್ಟ್ರು ಮುಂದಕ್ಕೆ ಹೋದರು. ಉಪಮೆ ಅಂದರೆ ಒಡವೆ ಅಂತಲೇ ಅವರ ಲೆಕ್ಕ.

ಕತೆಯ ಮುದುಕನಿಗೆ ಹೆಸರಿಲ್ಲ. ನಮಗೆ ಸಿಗೋದು ಪೊರೆ ಬಂದ ಒಂದು ತಿಳಿನೀಲಿ ಕಣ್ಣು. ಪೊರೆ ಅನ್ನೋದು ಬರೀ ವರ್ಣನೆ, ಮುದಿತನ ಇರೋ ಯಾವ ಮನೆಯಲ್ಲೂ ಕಾಣುವಂಥದು. ಕೊಲೆಗಾರ ಅದನ್ನೇ ರಣಹದ್ದಿನ ಕಣ್ಣು ಅನ್ನುತ್ತಾನೆ. ಮುದುಕ ತನಗೇನೂ ಕೇಡು ಮಾಡಿಲ್ಲ ಅಂತ ಒಪ್ಪಿಕೊಳ್ಳುವವನೂ ಅವನೇ! ಏಳು ರಾತ್ರಿ ಬಾಗಿಲು ಸರಿಸಿ ಇಣುಕುತ್ತಾನೆ. ಕಣ್ಣು ಮುಚ್ಚಿರುತ್ತದೆ, ಕೈ ಏಳೋದಿಲ್ಲ. ಮುಚ್ಚಿದ ಕಣ್ಣಿನಲ್ಲಿ ಹದ್ದಿಲ್ಲ, ಬರೀ ಮುದುಕ. ಎಂಟನೆಯ ರಾತ್ರಿ ಕಣ್ಣು ತೆರೆದಿದೆ, ಕೊಲ್ಲುತ್ತಾನೆ. ಹಾಗಾದರೆ ಹೊಂಚಿ ಕೂತಿದ್ದ ಹದ್ದು ಯಾವುದು? ಉಪಮೆ ಕಟ್ಟಿದ್ದು ಮುದುಕನ ಪಾತ್ರವನ್ನಲ್ಲ, ನೋಡಿದವನ ಪಾತ್ರವನ್ನು. ಪ್ರಾಣಿಗಳ ಹೆಸರಲ್ಲಿ ಕರೆಸಿಕೊಂಡು ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹತ್ತಿಯಲ್ಲಿ ಸುತ್ತಿದ ಗಡಿಯಾರದ ಸದ್ದು ಇನ್ನೊಂದು ಉಪಮೆ. ಮೊದಲು ಅದು ಮುದುಕನ ಎದೆಬಡಿತ. ಹೆಣವನ್ನು ನೆಲದ ಹಲಗೆಯಡಿ ಅಡಗಿಸಿದ ಮೇಲೂ ಅದೇ ಸದ್ದು, ಅದೇ ಮಾತು. ಈಗ ಯಾರ ಎದೆ? ಎದುರಿಗೇ ಕೂತ ಪೊಲೀಸರು ನಗುನಗುತ್ತಾ ಹರಟುತ್ತಿದ್ದಾರೆ.