ಈ ಅಂಕಿ ಎಲ್ಲಿಂದ ಬಂತು?

ಎಕ್ಸೆಲ್ ಹಾಳೆಯಲ್ಲಿ ದೊಡ್ಡ ಮೊತ್ತ ಕಂಡ ಕೂಡಲೇ ಅನುಭವಿ ಆಡಿಟರ್ ಆ ಸೆಲ್ಲಿನ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಬಾರ್ ನೋಡುತ್ತಾರೆ. ಅಲ್ಲಿ ಸೂತ್ರವಿದ್ದರೆ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಕೂಡಿದ್ದಾರೆಂದು ಗೊತ್ತಾಗುತ್ತದೆ. ಬರೀ ಅಂಕಿಯಿದ್ದರೆ ಇದನ್ನು ಯಾರು, ಯಾವ ಬಿಲ್ ನೋಡಿ ಹಾಕಿದರು ಎಂಬ ವಿಚಾರಣೆ ಶುರುವಾಗುತ್ತದೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ವಿಸಿಕ್ಯಾಲ್ಕ್ ತಂದ ದಿನದಿಂದಲೂ ಸ್ಪ್ರೆಡ್‌ಶೀಟಿನ ನಿಜವಾದ ಶಕ್ತಿ ಇದೇ: ಉತ್ತರದ ಬೆನ್ನಿಗೇ ಅದರ ಲೆಕ್ಕವೂ ಇರುತ್ತದೆ. ಕಳೆದ ಏಳೆಂಟು ವರ್ಷಗಳಲ್ಲಿ ಎಕ್ಸೆಲ್‌ಗೆ ಬಂದ ಹೊಸ ಸೌಲಭ್ಯಗಳನ್ನೂ ಈಗ ಅದರೊಳಗೆ ಕೂತಿರುವ ಎಐ ಸಹಾಯಕನನ್ನೂ ನಾನು ಅಳೆಯುವುದು ಈ ಒಂದೇ ಗುಣದಿಂದ.

ಈ ಗುಣದ ಬೆಲೆ ಏನೆಂದು ತೋರಿಸಿದ ಪ್ರಸಂಗವೊಂದಿದೆ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ಅಂದರೆ ಮೈನಸ್ ಶೇ. 0.1ಕ್ಕೆ, ಇಳಿಯುತ್ತದೆ ಎಂಬುದು ಅದರ ಲೆಕ್ಕ. ಖರ್ಚು ಕಡಿತದ ಪರವಾಗಿದ್ದ ರಾಜಕಾರಣಿಗಳು ಅದನ್ನು ಎತ್ತಿ ಹಿಡಿದರು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಆ ಲೇಖಕರಿಂದಲೇ ಮೂಲ ಎಕ್ಸೆಲ್ ಫೈಲ್ ತರಿಸಿಕೊಂಡು ತೆರೆದರು. ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗುಳಿದಿದ್ದವು. ಈ ತಪ್ಪನ್ನೂ, ಬಿಟ್ಟುಹೋದ ಬೇರೆ ಮಾಹಿತಿಯನ್ನೂ, ದೇಶಗಳಿಗೆ ಕೊಟ್ಟ ತೂಕವನ್ನೂ ಸರಿಪಡಿಸಿದಾಗ ಬಂದ ಅಂಕಿ ಶೇ. 2.2. ಸೂತ್ರ ಸೆಲ್ಲಿನೊಳಗೇ ಇದ್ದುದರಿಂದ ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಬಿತ್ತು.

ಈ ದೃಷ್ಟಿಯಿಂದ ನೋಡಿದರೆ ಒಂದು ಪಟ್ಟಿಯಲ್ಲಿ ಹುಡುಕಿ ಮಾಹಿತಿ ತಂದುಕೊಡುವ, 2019ರಲ್ಲಿ ಬಂದ ಎಕ್ಸ್‌ಲುಕಪ್ ನನಗೆ ಎಕ್ಸೆಲ್‌ನ ಅತ್ಯುತ್ತಮ ಸುಧಾರಣೆಗಳಲ್ಲಿ ಒಂದು. ಜಿಎಸ್‌ಟಿ ಕೆಲಸ ಮಾಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ತಿಂಗಳ 14ರ ಹೊತ್ತಿಗೆ ಪೋರ್ಟಲ್‌ನಲ್ಲಿ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಅಂದರೆ 2ಬಿ, ಸಿದ್ಧವಾಗುತ್ತದೆ, ತಿಂಗಳು ತಿಂಗಳು ಸಲ್ಲಿಸುವವರು 20ರೊಳಗೆ 3ಬಿ ರಿಟರ್ನ್ ಹಾಕಬೇಕು. ನಡುವಿನ ಆ ಕೆಲವೇ ದಿನಗಳಲ್ಲಿ ಖರೀದಿ ರಿಜಿಸ್ಟರಿನ ಪ್ರತಿ ಬಿಲ್ಲೂ 2ಬಿಯಲ್ಲಿ ಇದೆಯೇ ಎಂದು ತಾಳೆ ನೋಡಬೇಕು, ಇಲ್ಲದಿದ್ದರೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಹಳೆಯ ವಿಲುಕಪ್‌ನಲ್ಲಿ ಹುಡುಕುವ ಕಾಲಂ ಎಡತುದಿಯಲ್ಲೇ ಇರಬೇಕು, ಬೇಕಾದ ಕಾಲಂ ಎಷ್ಟನೆಯದು ಎಂದು ಎಣಿಸಿ ಬರೆಯಬೇಕು. ನಡುವೆ ಯಾರೋ ಒಂದು ಕಾಲಂ ಸೇರಿಸಿದರೆ ತೆರಿಗೆಯ ಜಾಗದಲ್ಲಿ ಬಿಲ್ ಮೊತ್ತ ಬಂದು ಕೂರುತ್ತದೆ, ಎಚ್ಚರಿಕೆಯ ಸುಳಿವೂ ಇರುವುದಿಲ್ಲ. ಕೊನೆಯ ‘ಫಾಲ್ಸ್’ ಹಾಕಲು ಮರೆತರಂತೂ ಹೆಚ್ಚುಕಡಿಮೆ ಹೊಂದುವ ಯಾವುದೋ ಸಾಲನ್ನು ತಂದುಕೊಡುತ್ತದೆ. ಎಕ್ಸ್‌ಲುಕಪ್‌ನಲ್ಲಿ ಎಲ್ಲಿ ಹುಡುಕಬೇಕು, ಎಲ್ಲಿಂದ ತರಬೇಕು ಎಂದು ಎರಡು ಕಾಲಂಗಳನ್ನು ನೇರವಾಗಿ ತೋರಿಸಿದರಾಯಿತು. ಹೇಳದಿದ್ದರೂ ತದ್ರೂಪವನ್ನೇ ಹುಡುಕುತ್ತದೆ. ಸಿಗದಿದ್ದರೆ ‘2ಬಿಯಲ್ಲಿ ಇಲ್ಲ’ ಎಂದು ಬರೆಯಲೂ ಜಾಗವಿದೆ. ಉದ್ದದ ಸೂತ್ರದ ತುಂಡುಗಳಿಗೆ ಹೆಸರಿಡಲು ಬಿಡುವ ಲೆಟ್ ಕೂಡ ಇದೇ ಜಾತಿಯದು. ಬರೆದವನಿಗಿಂತ ಓದುವವನಿಗೆ ಅದರಿಂದ ಹೆಚ್ಚು ಲಾಭ. ಒಂದೇ ಕೊರತೆಯೆಂದರೆ 2016, 2019ರ ಆವೃತ್ತಿಗಳಲ್ಲಿ ಇವು ಓಡುವುದಿಲ್ಲ. ಹಳೆಯ ಎಕ್ಸೆಲ್ ಇಟ್ಟುಕೊಂಡ ಗಿರಾಕಿಗೆ ಫೈಲ್ ಕಳಿಸಿದರೆ ಅಲ್ಲಿ ಸೂತ್ರ ಮುರಿದುಬೀಳುತ್ತದೆ.

ಕೇಳದೆ ಮಾಡುವ ಸಹಾಯದ ಇತಿಹಾಸವೂ ಎಕ್ಸೆಲ್‌ಗೆ ಇದೆ. ಬಿಲ್ ನಂಬರ್ 5/12 ಎಂದು ಟೈಪ್ ಮಾಡಿ ನೋಡಿ, ನಮ್ಮ ದಿನಾಂಕ ಕ್ರಮದ ಕಂಪ್ಯೂಟರಿನಲ್ಲಿ ಅದು ಡಿಸೆಂಬರ್ 5 ಆಗುತ್ತದೆ. 001ರ ಸೊನ್ನೆಗಳು ಮಾಯವಾಗುತ್ತವೆ. ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಟೆಕ್ಸ್ಟ್ ಎಂದು ಮೊದಲೇ ಗೊತ್ತುಮಾಡದೆ ಹಾಕಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಎಕ್ಸೆಲ್ ನೆನಪಿಡುವುದು ಹದಿನೈದೇ ಅಂಕಿ. ಜೀವವಿಜ್ಞಾನಿಗಳ ಪಾಡು ಇನ್ನೂ ಕಷ್ಟದ್ದು. ಮಾರ್ಚ್1, ಸೆಪ್ಟ್2 ಎಂಬ ಜೀನ್ ಹೆಸರುಗಳು ತಾರೀಕುಗಳಾಗಿ ಸಂಶೋಧನಾ ಪ್ರಬಂಧಗಳಿಗೂ ನುಸುಳಿದವು. 2020ರಲ್ಲಿ ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಈ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಕೊಟ್ಟದ್ದು 2023ರಲ್ಲಿ. ಇಷ್ಟು ಸಣ್ಣ ಊಹೆಯನ್ನು ತಡೆಯಲು ಇಷ್ಟು ವರ್ಷ ಹಿಡಿದಿರುವಾಗ, ಊಹಿಸುವುದನ್ನೇ ಕಸುಬಾಗಿಸಿಕೊಂಡ ಎಐ ಬಗ್ಗೆ ಮೊದಲ ದಿನದಿಂದಲೇ ಕಟ್ಟುನಿಟ್ಟಾಗಿರುವುದು ಸರಿ.

ಹಾಗೆಂದು ಎಕ್ಸೆಲ್‌ನೊಳಗಿನ ಎಐ ಸಹಾಯಕ ಕೋಪೈಲಟ್ ಅನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಪಕ್ಕದ ಪಟ್ಟಿಯಲ್ಲಿ ಬೇಕಾದ್ದನ್ನು ಹೇಳಿ ಸೂತ್ರ ಬರೆಸಿಕೊಳ್ಳುವುದು, ಕೆಲಸ ಬಿಟ್ಟುಹೋದವರ ಮೂರು ಸಾಲಿನ ಸೂತ್ರವನ್ನು ಬಿಡಿಸಿ ಹೇಳಿಸುವುದು, ಇವೆರಡೂ ನಿಜವಾದ ಉಪಕಾರ. ಕೋಚಿಂಗಿಗೆ ದುಡ್ಡಿಲ್ಲದೆ ಕೂಡುವುದು ಕಳೆಯುವುದಷ್ಟೇ ಕಲಿತು ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಇದರಿಂದ ದೊಡ್ಡ ಬಾಗಿಲು ತೆರೆದಿದೆ. ಬರುವುದು ಸೂತ್ರವಾದ್ದರಿಂದ ಓದಿ ಪರೀಕ್ಷಿಸಬಹುದು, ಮತ್ತು ಪರೀಕ್ಷಿಸಲೇಬೇಕು. ‘ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ಮಾಡು’ ಎಂದಷ್ಟೇ ಹೇಳಿದರೆ ಬಿಲ್ ನಂಬರ್ ಒಂದನ್ನೇ ಹಿಡಿದು ಹುಡುಕುವ ಸೂತ್ರ ಬರಬಹುದು. ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ಸಿಮೆಂಟ್ ವ್ಯಾಪಾರಿಯ ಬಿಲ್ಲೂ 101, ಪೇಂಟ್ ವ್ಯಾಪಾರಿಯ ಬಿಲ್ಲೂ 101. ಮೊದಲು ಸಿಕ್ಕವನ ತೆರಿಗೆ ಇಬ್ಬರ ಮುಂದೆಯೂ ಕೂರುತ್ತದೆ. ಜಿಎಸ್‌ಟಿ ನಂಬರನ್ನೂ ಬಿಲ್ ನಂಬರನ್ನೂ ಜೋಡಿಸಿ ಹುಡುಕಬೇಕೆಂಬುದು ಈ ಕೆಲಸದಲ್ಲಿ ಕೈ ಪಳಗಿದವರಿಗೆ ಗೊತ್ತು, ಸೂತ್ರ ಕಣ್ಣೆದುರಿದ್ದರೆ ಅವರು ಒಂದು ನೋಟದಲ್ಲಿ ಹಿಡಿಯುತ್ತಾರೆ.

2025ರ ಆಗಸ್ಟ್‌ನಲ್ಲಿ ಪ್ರಕಟವಾದ ಕೋಪೈಲಟ್ ಫಂಕ್ಷನ್ ವಿಷಯ ಬೇರೆ. ಇದರಲ್ಲಿ ಪ್ರಶ್ನೆಯನ್ನು ಸೆಲ್ಲಿನೊಳಗೇ ಬರೆಯುತ್ತೇವೆ, ಉತ್ತರ ನೇರವಾಗಿ ಬಂದು ಕೂರುತ್ತದೆ. ಫಾರ್ಮುಲಾ ಬಾರ್ ನೋಡಿದರೆ ನಾವು ಕೇಳಿದ ಪ್ರಶ್ನೆ ಕಾಣುತ್ತದೆ, ಉತ್ತರಕ್ಕೆ ಬಂದ ದಾರಿ ಕಾಣುವುದಿಲ್ಲ. ಹಾಳೆ ಮತ್ತೆ ಲೆಕ್ಕ ಹಾಕಿದಾಗ ಉತ್ತರ ಬದಲಾಗಲೂಬಹುದು. ನಿಖರತೆ ಬೇಕಾದ, ಮತ್ತೆ ಮಾಡಿದರೂ ಅದೇ ಉತ್ತರ ಬರಬೇಕಾದ ಕೆಲಸಕ್ಕೆ ಇದನ್ನು ಬಳಸಬೇಡಿ ಎಂದು ಮೈಕ್ರೋಸಾಫ್ಟೇ ಎಚ್ಚರಿಸಿದೆ. ಆ ಎಚ್ಚರಿಕೆ ಪ್ರಾಮಾಣಿಕವಾದದ್ದು, ಆದರೆ ಇರಬೇಕಾದ ಜಾಗದಲ್ಲಿಲ್ಲ. ಅದು ಸಹಾಯದ ಪುಟದಲ್ಲಿದೆ. ಉತ್ತರವಿರುವ ಸೆಲ್ ಮಾತ್ರ ಕೂಡಿಕೆಯ ಸೆಲ್ಲಿನಂತೆಯೇ ಬಿಳಿಯಾಗಿ ಕಾಣುತ್ತದೆ. ಎಐ ಬರೆದ ಸೆಲ್ಲಿಗೆ ಅಳಿಸಲಾಗದ ಗುರುತು ಇರಬೇಕಿತ್ತು. ಪ್ರಿಂಟ್ ತೆಗೆದರೂ ಅದು ಕಾಣಬೇಕಿತ್ತು. ಇದಿಲ್ಲದಿರುವುದನ್ನು ನಾನು ದೊಡ್ಡ ಲೋಪವೆಂದೇ ಎಣಿಸುತ್ತೇನೆ. ಇಡೀ ಹಾಳೆಯನ್ನೇ ಕಟ್ಟಿಕೊಡುವ ಏಜೆಂಟ್ ಮೋಡ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂತು. ಸ್ಪ್ರೆಡ್‌ಶೀಟ್‌ಬೆಂಚ್ ಎಂಬ ಪರೀಕ್ಷೆಯಲ್ಲಿ ಅದು ಶೇ. 57.2, ಮನುಷ್ಯರು ಶೇ. 71.3 ಸರಿ ಮಾಡಿದರೆಂದು ಕಂಪನಿಯೇ ಹೇಳಿತ್ತು. ಮುಂದೆ ಈ ಅಂತರ ಮುಚ್ಚಿಹೋಗಬಹುದು. ಸದ್ಯಕ್ಕೆ ಅದಕ್ಕೆ ಫೈಲಿನ ನಕಲು ಕೊಡಿ, ಮೂಲವನ್ನು ಕೊಡಬೇಡಿ.

ಎಐ ನಿಜವಾಗಿ ಬೇಕಾಗುವ ಜಾಗ ಹೆಸರುಗಳದ್ದು. ಸಹಕಾರ ಸಂಘದ ಸದಸ್ಯರ ಪಟ್ಟಿಯಲ್ಲಿ ಒಬ್ಬರೇ ‘ಮಂಜುನಾಥ’, ‘ಮಂಜುನಾಥ್ ಎಚ್.’, ‘ಎಚ್. ಮಂಜುನಾಥ’ ಎಂದು ಮೂರು ಕಡೆ ಇರುತ್ತಾರೆ, ನಾಲ್ಕನೇ ಕಡೆ ಇಂಗ್ಲಿಷಿನಲ್ಲಿ. ಯಾವ ಲುಕಪ್ಪೂ ಇವರನ್ನು ಒಂದುಗೂಡಿಸದು. ಇವರು ಒಬ್ಬರೇ ಇರಬಹುದು ಎಂದು ಯಂತ್ರ ಪಕ್ಕದ ಕಾಲಂನಲ್ಲಿ ಸೂಚಿಸಿ, ಪಾಸ್‌ಬುಕ್ ನಂಬರ್ ನೋಡಿ ಸಿಬ್ಬಂದಿ ಹೌದು ಅಲ್ಲ ಎಂದು ಬರೆದರೆ ದಿನಗಳ ಕೆಲಸ ಗಂಟೆಗಳಿಗೆ ಇಳಿಯುತ್ತದೆ. ಸೂಚನೆಯನ್ನೇ ತೀರ್ಮಾನ ಮಾಡಿದರೆ ಒಂದೇ ಊರಿನ ಇಬ್ಬರು ಮಂಜುನಾಥರ ಸಾಲ ಒಬ್ಬನ ತಲೆಗೆ ಬರುತ್ತದೆ. ಹಳೆಯ ನುಡಿ ಫಾಂಟಿನಲ್ಲಿರುವ ಪಟ್ಟಿಗಳನ್ನಂತೂ ಮೊದಲು ಯೂನಿಕೋಡಿಗೆ ಬದಲಿಸಿಯೇ ಮುಂದಿನ ಮಾತು.

ಕೊನೆಯದಾಗಿ ರೂಪಾಯಿ. ಥಾಯ್ಲೆಂಡಿನ ಬಾತ್ ಮೊತ್ತವನ್ನು ಥಾಯ್ ಭಾಷೆಯಲ್ಲಿ ಅಕ್ಷರದಲ್ಲಿ ಬರೆಯುವ ಬಾತ್‌ಟೆಕ್ಸ್ಟ್ ಫಂಕ್ಷನ್ ಎಕ್ಸೆಲ್‌ನಲ್ಲಿ ಬಹಳ ಕಾಲದಿಂದ ಇದೆ. ರೂಪಾಯಿಗೆ ಇಲ್ಲ. ಚೆಕ್ಕಿಗೂ ವೋಚರಿಗೂ ‘ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಮಾತ್ರ’ ಎಂದು ಬರಬೇಕಾದರೆ ಎಲ್ಲಿಂದಲೋ ತಂದ ಮ್ಯಾಕ್ರೋ ಅಂಟಿಸಬೇಕು, ಆ ಮ್ಯಾಕ್ರೋವನ್ನು ಆಫೀಸಿನ ಕಂಪ್ಯೂಟರ್ ಅಪಾಯವೆಂದು ತಡೆಯುತ್ತದೆ. 2020ರ ಕೊನೆಗೆ ಪ್ರಕಟವಾದ ಲ್ಯಾಂಬ್ಡಾದಿಂದ ಇಂಥ ಫಂಕ್ಷನ್‌ನ್ನು ಮ್ಯಾಕ್ರೋ ಇಲ್ಲದೆ ನಾವೇ ಕಟ್ಟಿ ಹೆಸರಿಟ್ಟುಕೊಳ್ಳಬಹುದು. ಬರೆಯುವುದು ಸುಲಭವಲ್ಲ, ಅದನ್ನು ಕೋಪೈಲಟ್‌ಗೆ ಒಪ್ಪಿಸಿ. ಪ್ರತಿ ಚೆಕ್ಕಿನ ಮೊತ್ತವನ್ನೂ ಕೋಪೈಲಟ್ ಫಂಕ್ಷನ್ ಕೈಲಿ ಬರೆಸುವ ಬದಲು ಈ ಲ್ಯಾಂಬ್ಡಾ ಒಂದನ್ನು ಒಮ್ಮೆ ಬರೆಸಿದರೆ ಸಾಕು. ಬಂದ ಮೇಲೆ 0, 19, 100, 1,00,000, 1,00,001, 10,10,101, 1,00,00,000 ಹಾಕಿ ಒಂದೊಂದನ್ನೂ ಓದಿ ನೋಡಿ. ಕನ್ನಡದಲ್ಲಿ ಬರೆಸಿದ್ದರೆ ‘ನೂರು’ ಎಲ್ಲಿ, ‘ನೂರ’ ಎಲ್ಲಿ, ‘ಲಕ್ಷದ’ ಎಲ್ಲಿ ಎಂಬುದನ್ನು ಪರೀಕ್ಷಿಸಿ, ಎಐ ಎಡವುವ ಸಂಭವ ಹೆಚ್ಚಿರುವುದು ಅಲ್ಲೇ. ಎಲ್ಲ ಸರಿಯಾದ ಮೇಲೆ ಟೆಂಪ್ಲೇಟಿನಲ್ಲಿ ಉಳಿಸಿಡಿ. ಮುಂದೆ ಇಂಟರ್ನೆಟ್ ಇಲ್ಲದಿದ್ದರೂ, ಕೋಪೈಲಟ್ ಚಂದಾ ಕಟ್ಟದಿದ್ದರೂ ಅದು ಅದೇ ಉತ್ತರ ಕೊಡುತ್ತದೆ, ಆಡಿಟರ್ ನೇಮ್ ಮ್ಯಾನೇಜರ್ ತೆರೆದರೆ ಪೂರ್ತಿ ಲೆಕ್ಕ ಕಾಣಿಸುತ್ತದೆ.